ಕಿವಿಗೆ ಬಿದ್ದದ್ದು ಒಂದು, ಮನಸ್ಸಿಗೆ ಬಂದದ್ದು ಇನ್ನೊಂದು: ಇವಕ್ಕೆ ಪದ ಯಾವುದು?

ಗೆಳೆಯರೇ, ಮಂಡ್ಯದ ಕಡೆಯ ಹೈಸ್ಕೂಲ್ ಮಕ್ಕಳಿಗೆ ಅಂತ ಕಣ್ಣು, ಕಿವಿ, ಮನಸ್ಸಿನ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೆಲಸ ನಿಂತು ವಾರ ಆಯಿತು. ಸೆನ್ಸೇಷನ್ (ಕಿವಿಗೆ, ಕಣ್ಣಿಗೆ ಬಂದು ತಾಗುವುದು) ಮತ್ತು ಪರ್ಸೆಪ್ಷನ್ (ಅದು ಏನು ಅಂತ ಮನಸ್ಸಿಗೆ ಗೊತ್ತಾಗುವುದು). ಸಂವೇದನೆ, ಗ್ರಹಿಕೆ ಅಂತ ಬರೆಯುವ ರೂಢಿ ಇದೆ, ತಪ್ಪೇನಲ್ಲ. ಆದರೆ ಸಂವೇದನೆ ಅಂದ ಕೂಡಲೇ ಸಂವೇದನಾಶೀಲ ಕವಿ ನೆನಪಾಗುತ್ತಾನೆ. ಗ್ರಹಿಕೆ ಅಂದರೆ ಪಾಠ ಬೇಗ ತಲೆಗೆ ಹತ್ತುವುದು ಅಂತ ಮಕ್ಕಳು ತಿಳಿಯುತ್ತಾರೆ.

ನನಗೆ ಈ ಎರಡರ ನಡುವಿನ ಗೆರೆ ಕಂಡದ್ದು ನಮ್ಮ ತಾತನಿಂದ. ವಯಸ್ಸಾಗಿ ಕಿವಿ ಮಂದ ಆಗಿದೆ. ಮೊನ್ನೆ ಅಡುಗೆಮನೆ ಬಾಗಿಲಲ್ಲಿ ನಿಂತು "ಸೊಪ್ಪು ತಂದಿದ್ದೀನಿ" ಅಂದೆ. "ಉಪ್ಪು ಯಾಕ್ಲಾ ತಂದೆ, ಮನೇಲೇ ಐತಲ್ಲ" ಅಂದರು. ಜೋರಾಗಿ ಹೇಳಿದೆ, ಮತ್ತೆ ಉಪ್ಪೇ. ಆಮೇಲೆ ಅವರೇ ಹೇಳಿದರು: "ಸದ್ದು ಬತ್ತದೆ ಕಣ್ಲಾ, ಮಾತು ಗೊತ್ತಾಯ್ತಿಲ್ಲ."

ನನ್ನ ಪುಸ್ತಕದ ಒಂದು ಅಧ್ಯಾಯ ಆ ಒಂದು ಮಾತಿನಲ್ಲೇ ಇದೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಭಾಗಕ್ಕೆ ಕಾಕ್ಲಿಯಾ ಅನ್ನುತ್ತಾರೆ. ಅದರ ಬಾಗಿಲ ಹತ್ತಿರದ ಕೂದಲಿನಂಥ ಕೋಶಗಳು ಕೀಚಲು ಸದ್ದಿಗೆ ಮಿಡಿಯುವಂಥವು, ವಯಸ್ಸಾದಾಗ ಸಾಮಾನ್ಯವಾಗಿ ಮೊದಲು ಸವೆಯುವುದೂ ಅವೇ. ಸ, ಶ ಇಂಥ ಅಕ್ಷರಗಳ ಸದ್ದು ಆ ಜಾಗದ್ದು. ಹಾಗಾಗಿ ತಾತನ ಕಿವಿಗೆ ಬಿದ್ದದ್ದು ಬರೀ "ಒಪ್ಪು". ಅಡುಗೆಮನೆ ಬಾಗಿಲಲ್ಲಿ ಒಪ್ಪು ಅಂದರೆ ಅರ್ಥ ಇಲ್ಲ, ಮನಸ್ಸು ಅದನ್ನು ಉಪ್ಪು ಮಾಡಿಕೊಂಡಿತು. ತಾತ ಊಹೆ ಮಾಡಲಿಲ್ಲ ನೋಡಿ, ಅವರಿಗೆ ಉಪ್ಪು ಅಂತಲೇ ಕೇಳಿಸಿತು.

ಕಿವಿ ಚೆನ್ನಾಗಿರುವವರಲ್ಲೂ ಇದು ನಡೆಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ವಾರೆನ್ 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ವಾಕ್ಯದ ನಡುವೆ ಒಂದು ಸದ್ದನ್ನು ಪೂರ್ತಿ ಕತ್ತರಿಸಿ ಆ ಜಾಗಕ್ಕೆ ಕೆಮ್ಮು ಸೇರಿಸಿದ್ದರು. ಕೇಳಿದವರಿಗೆ ಪದ ಇಡಿಯಾಗಿಯೇ ಕೇಳಿಸಿತು, ಕೆಮ್ಮು ಸರಿಯಾಗಿ ಎಲ್ಲಿ ಬಂತು ಅಂತಲೂ ಹೇಳಲಾಗಲಿಲ್ಲ.

ಈಗ ಪದಕ್ಕೆ ಬರುತ್ತೇನೆ. ಆಡುಮಾತಿನಲ್ಲಿ ಈ ಎರಡೂ ಬೇರೆ ಬೇರೆಯಾಗಿ ಇದ್ದೇ ಇವೆ. ಕಿವಿಗೆ ಬಿತ್ತು, ಮೂಗಿಗೆ ಬಡಿಯಿತು, ನಾಲಿಗೆಗೆ ತಾಗಿತು ಒಂದು ಕಡೆ. ಗೊತ್ತಾಯಿತು, ಗುರುತು ಹತ್ತಿತು, ಅನ್ನಿಸಿತು ಇನ್ನೊಂದು ಕಡೆ. ಬೆಳಗಿನ ಜಾವ ಬಸ್ಸಿನ ಕಿಟಕಿಯಿಂದ ಏನೋ ಗಮಲು ಬರುತ್ತದೆ, ಸ್ವಲ್ಪ ಹೊತ್ತಿಗೆ "ಓ, ಆಲೆಮನೆ" ಅಂತ ಗೊತ್ತಾಗುತ್ತದೆ, ಅಲ್ವಾ? (ಇನ್ನು ನೋಡು ಅನ್ನುವ ಪದವಂತೂ ಕಣ್ಣಿಗೆ ಮಾತ್ರ ಸೇರಿದ್ದಲ್ಲ. ಮೂಸಿ ನೋಡು, ಮುಟ್ಟಿ ನೋಡು, ರುಚಿ ನೋಡು. ಅದರ ಬಗ್ಗೆ ಬೇರೆಯೇ ಬರೆಯಬೇಕು.)

ತೊಂದರೆ ಏನೆಂದರೆ ಇವೆಲ್ಲ ಕ್ರಿಯಾಪದಗಳು. ಪಾಠದ ತಲೆಬರಹಕ್ಕೆ ನಾಮಪದ ಬೇಕು. ಮೊದಲನೆಯದಕ್ಕೆ "ಸೋಕು" ಅಂತ ಇಟ್ಟು ನೋಡಿದೆ, ಅದು ರೋಗದ ಸೋಂಕಿನ ಕಡೆ ಎಳೆಯುತ್ತದೆ. "ತಾಕು" ಪರವಾಗಿಲ್ಲ ಅನ್ನಿಸುತ್ತಿದೆ. ಎರಡನೆಯದಕ್ಕೆ "ಅರಿವು" ಚೆಂದದ ಪದ, ಆದರೆ ವಚನಗಳನ್ನು ಓದಿದವರಿಗೆ ಅದರ ತೂಕವೇ ಬೇರೆ. ಉಪ್ಪು ಅಂತ ಕೇಳಿಸಿದ್ದಕ್ಕೆ ಅರಿವು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? "ಸದ್ದು ಬತ್ತದೆ, ಮಾತು ಗೊತ್ತಾಯ್ತಿಲ್ಲ" ಅನ್ನುವವರ ಮನೆಯವರಿಗೆ ಈ ವ್ಯತ್ಯಾಸವನ್ನು ಯಾವ ಪದ ಬಳಸಿ ಹೇಳುತ್ತೀರಿ?