ಬೆಳ್ಳಿಯ ಗೂಡಿನೊಳಗಿನ ಋಣ ಅಯಾನು: ಬೆಳಕು ಬಿದ್ದಾಗ ಎಲೆಕ್ಟ್ರಾನ್ ಕೊಡುವುದು ಯಾರು?

ಹರಳು: 2001ರಲ್ಲಿ ರಸಾಯನ ವಿಜ್ಞಾನಿ ಮಿಂಗೋಸ್ ಮತ್ತು ಸಂಗಡಿಗರು ಪ್ರಕಟಿಸಿದ ಗೂಡಿನಂಥ ಗುಚ್ಛದಲ್ಲಿ 14 ಬೆಳ್ಳಿ ಪರಮಾಣುಗಳ ನಟ್ಟನಡುವೆ ಒಂದೇ ಒಂದು ಹ್ಯಾಲೈಡ್ (ಕ್ಲೋರೈಡ್, ಬ್ರೋಮೈಡ್‌ನಂಥ ಋಣ ಅಯಾನು) ಇದೆ, ಹೊರಗೆ 12 ಆಲ್ಕೈನೈಲ್ ಲಿಗಾಂಡ್‌ಗಳಿವೆ, ಅಂದರೆ ಬೆಳ್ಳಿಗೆ ಅಂಟಿಕೊಂಡ ಇಂಗಾಲದ ಗುಂಪುಗಳು. ಆ ಹ್ಯಾಲೈಡ್ ಬರೀ ಅಚ್ಚು, ಅದರ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಗೂಡು ಕಟ್ಟಿದ ಮೇಲೆ ಅದಕ್ಕೆ ಕೆಲಸವಿಲ್ಲ.

ನೇಸರು: ಕೆಲಸವಿಲ್ಲವೇ? ಸಿಲ್ವರ್ ಬ್ರೋಮೈಡ್ ಬಳಿದ ಫೋಟೋ ಫಿಲ್ಮ್ ಕೆಲಸ ಮಾಡಿದ್ದೇ ಬೆಳಕು ಬಿದ್ದೊಡನೆ ಬ್ರೋಮೈಡ್‌ನ ಎಲೆಕ್ಟ್ರಾನ್ ಬೆಳ್ಳಿಯ ಕಡೆಗೆ ಹೋಗುವುದರಿಂದ. ಗೂಡಿನಲ್ಲೂ ಅದೇ ಅಯಾನು, ಅದೇ ಬೆಳ್ಳಿ.

ಹರಳು: ಫಿಲ್ಮ್‌ನ ಹರಳಿನಲ್ಲಿ ಎಲೆಕ್ಟ್ರಾನ್‌ಗೆ ಅಲೆದಾಡಲು ಜಾಗವಿದೆ. ಇಲ್ಲಿರುವುದು ಬೆಳ್ಳಿ-ಬೆಳ್ಳಿ ಬಂಧಗಳಿಂದ ಬಿಗಿದ ಪುಟ್ಟ ಗೂಡು.

ಕಕ್ಷಕ: "ಬೆಳ್ಳಿ-ಬೆಳ್ಳಿ ಬಂಧ" ಎಂದು ಇಷ್ಟು ಸಲೀಸಾಗಿ ಬರೆಯಬೇಡಿ! ಎರಡೂ ಧನ ಅಯಾನುಗಳು, ಎರಡರಲ್ಲೂ ಡಿ ಕಕ್ಷಕಗಳು (ಎಲೆಕ್ಟ್ರಾನ್‌ಗಳು ಕೂರುವ ಒಂದು ಬಗೆಯ ನೆಲೆಗಳು) ಹತ್ತು ಎಲೆಕ್ಟ್ರಾನ್‌ಗಳಿಂದ ಭರ್ತಿ. ಬಂಧಕ್ಕೆ ಎಲೆಕ್ಟ್ರಾನ್ ಎಲ್ಲಿಂದ ತಂದಿರಿ?

ಹರಳು: ಬೆಳ್ಳಿಯ ವಾನ್ ಡರ್ ವಾಲ್ಸ್ ತ್ರಿಜ್ಯ, ಅಂದರೆ ಬಂಧವಿಲ್ಲದೆ ಬರೀ ತಾಗಿ ನಿಂತಾಗಿನ ಪರಮಾಣುವಿನ ತ್ರಿಜ್ಯ, 1.72 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ ಒಂದು ಆಂಗ್‌ಸ್ಟ್ರಾಮ್), ಎರಡು ಸೇರಿದರೆ 3.44. ಇಂಥ ಗುಚ್ಛಗಳಲ್ಲಿ ಅಂತರ 3ರ ಆಸುಪಾಸಿಗೆ ಇಳಿಯುತ್ತದೆ. ಲೋಹದ ಬೆಳ್ಳಿಯಲ್ಲೇ 2.89. ಇನ್ನೇನು ಸಾಕ್ಷಿ ಬೇಕು?

ಕಕ್ಷಕ: ಅಂತರ ಸಾಕ್ಷಿಯಾಗುವುದಿಲ್ಲ. ಒಂದೇ ಆಲ್ಕೈನೈಲ್ ಎರಡು ಮೂರು ಬೆಳ್ಳಿಗಳನ್ನು ಹಿಡಿದೆಳೆದರೆ ಅವು ಹತ್ತಿರ ಬಂದೇ ಬರುತ್ತವೆ.

ಹರಳು: ಸೇತುವೆಯಾಗುವ ಲಿಗಾಂಡ್ ಇಲ್ಲದೆಯೂ ಬೆಳ್ಳಿ ಅಯಾನುಗಳು ಹತ್ತಿರ ಬಂದ ರಚನೆಗಳಿವೆ. ಅವನ್ನು ನೋಡದೆ ನನಗೆ ಪಾಠ ಹೇಳಲು ಬರಬೇಡಿ.

ಕಕ್ಷಕ: ಇವೆ, ಅದು ದುರ್ಬಲ ಆಕರ್ಷಣೆ. ನೀವು ಬರೆದದ್ದು "ಬಿಗಿದ".

ಪ್ರನಾಳ: ಇಬ್ಬರೂ ಅಂತರವನ್ನೇ ಅಳೆಯುತ್ತಾ ಕುಳಿತಿದ್ದೀರಿ. ಅಯಾನು ಎಂದರೆ ಹ್ಯಾಲೈಡ್ ಒಂದೇ ಅಲ್ಲ, ಕ್ರೋಮಿಯಂ ಮತ್ತು ಆಮ್ಲಜನಕ ಸೇರಿದ ಕ್ರೋಮೇಟನ್ನೂ ಬೆಳ್ಳಿಯ ಗೂಡಿನಲ್ಲಿ ಸೆರೆಹಿಡಿದಿದ್ದಾರೆ. ಹಳದಿ ಪೊಟ್ಯಾಸಿಯಂ ಕ್ರೋಮೇಟ್ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ತೊಟ್ಟಿಕ್ಕಿಸಿ ನೋಡಿ: ಹನಿ ಬಿದ್ದಲ್ಲೇ ಇಟ್ಟಿಗೆ ಕೆಂಪು ಗಸಿ ಮೂಡುತ್ತದೆ. ಕ್ರೋಮಿಯಂನ ಡಿ ಕಕ್ಷಕಗಳು ಖಾಲಿ, ಬೆಳಕು ಬಿದ್ದಾಗ ಬೆಳ್ಳಿಯ ಕಡೆಯ ಎಲೆಕ್ಟ್ರಾನ್ ಅತ್ತ ಹೋಗುತ್ತದೆ, ಬಣ್ಣ ಬದಲಾಗುವುದು ಅದರಿಂದ. ಅಲ್ಲಿ ಅಯಾನು ಎಲೆಕ್ಟ್ರಾನ್ ಪಡೆಯುತ್ತದೆ, ಕೊಡುವುದಿಲ್ಲ.

ನೇಸರು: "ಕೊಡುವುದಿಲ್ಲ" ಎಂಬುದು ಕ್ರೋಮೇಟಿನ ಮಾತು, ನಾನು ಕೇಳಿದ್ದು ಹ್ಯಾಲೈಡಿನದು. ಕ್ಲೋರೈಡಿಗಿಂತ ಬ್ರೋಮೈಡ್ ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತದೆ, ಕಡಿಮೆ ಶಕ್ತಿಯ ಬೆಳಕು ಸಾಕು. ಅದೇ ಗೂಡು, ಅದೇ ಲಿಗಾಂಡ್, ಒಳಗಿನ ಕ್ಲೋರೈಡ್ ತೆಗೆದು ಬ್ರೋಮೈಡ್ ಇಟ್ಟಾಗ ಹೀರಿಕೆಯ ಪಟ್ಟಿ (ಗೂಡು ಹೀರುವ ಬೆಳಕಿನ ತರಂಗಾಂತರಗಳು) ಉದ್ದ ತರಂಗಾಂತರಕ್ಕೆ, ಅಂದರೆ ಕಡಿಮೆ ಶಕ್ತಿಯ ಕಡೆಗೆ, ಸರಿದರೆ ಕೊಟ್ಟವರು ಯಾರೆಂದು ತಾನಾಗಿಯೇ ತಿಳಿಯುತ್ತದೆ.

ಕಕ್ಷಕ: ತಿಳಿಯುವುದಿಲ್ಲ. ಬ್ರೋಮೈಡ್ ದೊಡ್ಡದು, ಗೂಡು ಹಿಗ್ಗುತ್ತದೆ, ಆಲ್ಕೈನೈಲ್‌ನಿಂದ ಬೆಳ್ಳಿಗೆ ಹೋಗುವ ಪಟ್ಟಿಯೂ ಅದರೊಂದಿಗೆ ಸರಿಯಬಹುದು.

ಹರಳು: ಗೂಡು ಹಿಗ್ಗುತ್ತದೆ ಎಂದು ನೀವೇ ಹೇಳಿದಿರಿ. ಹಿಗ್ಗಿದರೂ ಒಡೆಯದೆ ಹಿಡಿದಿಡುವುದು ಬೆಳ್ಳಿ-ಬೆಳ್ಳಿ ಬಂಧವೇ.

ಕಕ್ಷಕ: ಲಿಗಾಂಡ್!