ಸಹಾಯ ಬೇಕು: ಬ್ಲಾಟ್‌ನ ದಪ್ಪ ಪಟ್ಟಿಗಳನ್ನು ನಂಬಬಹುದೇ?

ಶಿಲೀಂಧ್ರಗಳ ತಳಿವಿಜ್ಞಾನ ಬಲ್ಲವರು ದಯವಿಟ್ಟು ಇತ್ತ ಗಮನ ಕೊಡಿ. ನಾನು ನ್ಯೂರೋಸ್ಪೋರಾ ಕ್ರಾಸಾ ಎಂಬ ಶಿಲೀಂಧ್ರದ ಮೇಲೆ ಕೆಲಸ ಮಾಡುತ್ತಿದ್ದೇನೆ. ಇದರಲ್ಲಿ ಡಿಎನ್‌ಎ ಮಿಥೈಲೀಕರಣಕ್ಕೆ (ಡಿಎನ್‌ಎಯ ಅಕ್ಷರಗಳಲ್ಲೊಂದಾದ ಸೈಟೋಸಿನ್‌ಗೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟುವುದಕ್ಕೆ) ಅಪ್ಪಣೆ ಸಿಗುವುದೇ ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಾದ ಹಿಸ್ಟೋನ್‌ನಿಂದ. ಡಿಮ್-5 ಕಿಣ್ವ ಎಚ್3 ಹಿಸ್ಟೋನ್‌ನ 9ನೆಯ ಸ್ಥಾನದಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಮೂರು ಮಿಥೈಲ್ ಗುಂಪುಗಳನ್ನು ಅಂಟಿಸುತ್ತದೆ. ಆ ಗುರುತನ್ನು ಎಚ್‌ಪಿ1 ಎಂಬ ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಅದರ ಬೆನ್ನಿಗೇ ಬರುವ ಡಿಮ್-2 ಕಿಣ್ವ ಸೈಟೋಸಿನ್‌ಗಳಿಗೆ ಮಿಥೈಲ್ ಹಚ್ಚುತ್ತದೆ. ಆ ಒಂದೇ ಲೈಸೀನನ್ನು ಬದಲಿಸಿದರೂ ಮಿಥೈಲೀಕರಣ ಕಳೆದುಹೋಗುತ್ತದೆ ಎಂಬುದು 2001ರಲ್ಲೇ ಸಾಬೀತಾಗಿದೆ. ಇಲ್ಲಿಯವರೆಗೆ ನನಗೆ ತಕರಾರಿಲ್ಲ.

ಕಾಡುತ್ತಿರುವುದು ಎಚ್1 ಎಂಬ ಇನ್ನೊಂದು ಹಿಸ್ಟೋನ್. ಅದರ ಜೀನ್ ತೆಗೆದರೆ ಹೆಟರೋಕ್ರೊಮ್ಯಾಟಿನ್‌ನ (ಡಿಎನ್‌ಎ ಒತ್ತೊತ್ತಾಗಿ ಮಡಚಿಕೊಂಡಿರುವ ಪ್ರದೇಶ) ಕೆಲವು ಭಾಗಗಳಲ್ಲಿ ಮಿಥೈಲೀಕರಣ ಹೆಚ್ಚುತ್ತದೆ ಎಂದು 2016ರಲ್ಲಿ ವರದಿಯಾಗಿತ್ತು. ಎಚ್1 ಇಲ್ಲದ ತಳಿಯ ನನ್ನ ಸದರ್ನ್ ಬ್ಲಾಟ್‌ನಲ್ಲೂ (ಕತ್ತರಿಸಿದ ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸಿ, ಬೇಕಾದವನ್ನು ಪಟ್ಟಿಗಳಾಗಿ ತೋರಿಸುವ ವಿಧಾನ) ಸೌ3ಎಐ ಎಂಬ ಕತ್ತರಿಸುವ ಕಿಣ್ವದ ಸಾಲಿನ ಮೇಲ್ತುದಿಯಲ್ಲಿ, ದೊಡ್ಡ ತುಣುಕುಗಳು ನಿಲ್ಲುವ ಕಡೆ, ದಪ್ಪ ಪಟ್ಟಿಗಳು ಎದ್ದಿವೆ. ಸೈಟೋಸಿನ್‌ಗೆ ಮಿಥೈಲ್ ಅಂಟಿದ್ದರೆ ಆ ಕಿಣ್ವ ಕತ್ತರಿಸುವುದಿಲ್ಲವಲ್ಲ, ಮೊದಲು ಖುಷಿಪಟ್ಟೆ. ಆಮೇಲೆ ಪಕ್ಕದ ಡಿಪಿಎನ್-2 ಸಾಲು ನೋಡಿದೆ. ಅದೇ ಜಾಗದಲ್ಲಿ ಕತ್ತರಿಸುವ, ಆದರೆ ಈ ಮಿಥೈಲ್‌ಗೆ ಸೊಪ್ಪು ಹಾಕದ ಕಿಣ್ವ ಅದು. ಅಲ್ಲಿಯೂ ಮೇಲ್ಗಡೆ ಮಸುಕಾದ ಪಟ್ಟಿಯೊಂದಿದೆ! ಅಂದರೆ ಡಿಎನ್‌ಎ ಅರೆಬರೆಯಾಗಿ ಮಾತ್ರ ಕತ್ತರಿಸಲ್ಪಟ್ಟಿದೆ ಎಂಬ ಗುಮಾನಿ.

ಡಿಎನ್‌ಎಯನ್ನು ಮತ್ತೊಮ್ಮೆ ಶುದ್ಧೀಕರಿಸಿ, ಡಿಮ್-2 ಇಲ್ಲದ ತಳಿಯನ್ನು ಜೊತೆಗಿಟ್ಟು, ಮಿಥೈಲ್ ಇಲ್ಲದ ಜೀನ್‌ನ ಪ್ರೋಬ್‌ನಿಂದಲೂ (ಆ ಜೀನನ್ನು ಮಾತ್ರ ಹುಡುಕಿ ತೋರಿಸುವ ಡಿಎನ್‌ಎ ತುಣುಕು) ಅದೇ ಬ್ಲಾಟ್ ಪರೀಕ್ಷಿಸಿದರೆ ಸಾಕೇ? ಅಥವಾ ನೇರವಾಗಿ ಮಿಥೈಲ್ ಅಂಟಿದ ಸೈಟೋಸಿನ್‌ಗಳನ್ನು ಒಂದೊಂದಾಗಿ ಓದುವ ಬೈಸಲ್ಫೈಟ್ ಸೀಕ್ವೆನ್ಸಿಂಗ್‌ಗೆ ಹೋಗುವುದು ಒಳ್ಳೆಯದೇ? ಎಚ್1 ಇಲ್ಲದ ತಳಿಯಲ್ಲಿ ಎಚ್3 ಹಿಸ್ಟೋನ್‌ನ 9ನೆಯ ಲೈಸೀನ್‌ನ ಗುರುತನ್ನೂ ಅಳೆದವರಿದ್ದರೆ, ಯಾವ ಆಂಟಿಬಾಡಿ ಚೆನ್ನಾಗಿ ಕೆಲಸ ಮಾಡಿತು ಎಂದು ತಿಳಿಸಿ. ಬ್ಲಾಟ್‌ನ ಚಿತ್ರ ಕೇಳಿದವರಿಗೆ ಕಳುಹಿಸುತ್ತೇನೆ.