ಹಳೇ ನೆಲದ ಮೇಲೆ ಹೊಸ ಕಾಂಕ್ರೀಟ್: ಪುಲ್-ಆಫ್ ಟೆಸ್ಟ್ ರೀಡಿಂಗ್ ಒಂದೊಂದು ಕಡೆ ಒಂದೊಂದು ಥರ

ಗೋದಾಮು_ನೆಲ: ನಮಸ್ಕಾರ. ಗೋದಾಮಿನ ಹಳೇ ಕಾಂಕ್ರೀಟ್ ನೆಲವನ್ನು ಬ್ರೇಕರ್‌ನಲ್ಲಿ ಚಿಪ್ಪಿಂಗ್ ಮಾಡಿಸಿ, ಮೇಲೆ 75 ಮಿ.ಮೀ. ಹೊಸ ಕಾಂಕ್ರೀಟ್ ಹಾಕಿಸಿದ್ದೇವೆ. 28 ದಿನ ಆದ ಮೇಲೆ ಪುಲ್-ಆಫ್ ಟೆಸ್ಟ್ ಆಯಿತು, ಅಂದರೆ ದುಂಡಗೆ ಸೀಳು ಕೊರೆದು, ಮೇಲೆ ಲೋಹದ ಡಿಸ್ಕ್ ಅಂಟಿಸಿ, ಕಿತ್ತು ಬರುವವರೆಗೆ ಮೆಷಿನ್‌ನಲ್ಲಿ ಎಳೆಯುವುದು. 50 ಮಿ.ಮೀ. ಡಿಸ್ಕ್. ಡ್ರಾಯಿಂಗ್‌ನಲ್ಲಿ ಕೇಳಿರುವುದು 1.5 ಮೆಗಾಪಾಸ್ಕಲ್. ಬಂದಿದ್ದು 1.6, 1.3, 0.6, 0.5. ಸರಾಸರಿ 1.0. ಮೆಷಿನ್ನೇ ಸರಿ ಇಲ್ಲ ಅಂತಾರೆ ಕಂಟ್ರಾಕ್ಟರ್. ಪೂರ್ತಿ ಕೀಳಿಸಬೇಕಾ?

ಕೋರ್_ಕಟ್ಟರ್: ಸರ್, ಸರಾಸರಿ ಆಮೇಲೆ. ಪ್ರತಿ ತುಂಡು ಎಲ್ಲಿ ಮುರಿಯಿತು ಹೇಳಿ. ಅಂಟಿನಲ್ಲೋ, ಹೊಸದರಲ್ಲೋ, ಹೊಸದು-ಹಳೇದು ಸೇರುವ ಜಾಯಿಂಟ್‌ನಲ್ಲೋ, ಹಳೇದರಲ್ಲೋ? ಅದಿಲ್ಲದೆ ಬರೀ ಅಂಕಿ ಇಟ್ಟುಕೊಂಡು ಏನೂ ಹೇಳೋಕಾಗಲ್ಲ. ಮೆಷಿನ್ ಅನುಮಾನಕ್ಕೆ ಲೆಕ್ಕ ಸುಲಭ: 50 ಮಿ.ಮೀ. ಡಿಸ್ಕ್ ಅಂದರೆ 1963 ಚದರ ಮಿ.ಮೀ., 1.5 ಬರೋಕೆ ಸುಮಾರು 2.9 ಕಿಲೋನ್ಯೂಟನ್ ಎಳೆತ. ಗೇಜ್ ರೀಡಿಂಗ್ ಜೊತೆ ತಾಳೆ ನೋಡಿ. ಕ್ಯಾಲಿಬ್ರೇಷನ್ ಸರ್ಟಿಫಿಕೇಟನ್ನೂ ಕೇಳಿ.

ಗೋದಾಮು_ನೆಲ: ಲೆಕ್ಕ, ಸರ್ಟಿಫಿಕೇಟ್ ಎರಡೂ ಸರಿ ಇವೆ. 1.6ರದ್ದು ಹೊಸ ಕಾಂಕ್ರೀಟ್‌ನಲ್ಲೇ, ಕೊರೆದ ತಳದಲ್ಲಿ ಮುರಿದಿದೆ. 1.3ರಲ್ಲಿ ಡಿಸ್ಕ್ ಎಪಾಕ್ಸಿ ಅಂಟಿನ ಸಮೇತ ಕಿತ್ತು ಬಂತು. 0.6 ಜಾಯಿಂಟ್‌ನಲ್ಲಿ, ತುಂಡಿನ ತಳದಲ್ಲಿ ಬಿಳಿ ಪುಡಿ. 0.5ರಲ್ಲಿ ಹಳೇ ಕಾಂಕ್ರೀಟ್‌ನ ತೆಳು ಚಕ್ಕೆ ಅಂಟಿಕೊಂಡೇ ಬಂದಿದೆ.

ಕೋರ್_ಕಟ್ಟರ್: ನೋಡಿ, ಚೆನ್ನಾಗಿ ಕಾಣುವ 1.6 ಜಾಯಿಂಟ್ ಬಗ್ಗೆ ಏನೂ ಹೇಳ್ತಿಲ್ಲ! ಹಳೇ ನೆಲ ಏರುಪೇರು ಇರುತ್ತೆ ಅಲ್ವಾ, ಅಲ್ಲಿ ಹೊಸ ಪದರ 75ಕ್ಕಿಂತ ದಪ್ಪ ಇದ್ದಿರಬೇಕು. ಕಟ್ಟರ್ ಜಾಯಿಂಟ್ ಮುಟ್ಟಿಲ್ಲ. ಕೊರೆದ ಸೀಳು ಜಾಯಿಂಟ್ ದಾಟಿ ಹಳೇದರೊಳಗೆ 15 ಮಿ.ಮೀ.ನಷ್ಟು ಇಳಿಯಬೇಕು. 1.3 ಎಪಾಕ್ಸಿ ಸೋಲು. ಅಲ್ಲಿ ಜಾಯಿಂಟ್ 1.3 ತಡೆದಿದೆ, ಎಷ್ಟರವರೆಗೆ ತಡೀತಿತ್ತೋ ಗೊತ್ತಾಗಲ್ಲ. ಫೇಲ್ ಅಂತ ಬರೆಯಬೇಡಿ, ಪಕ್ಕದಲ್ಲಿ ಇನ್ನೊಂದು ಮಾಡಿಸಿ. ನೀರು ಹಾಕಿ ಕೊರೆದ ಮೇಲೆ ಚೆನ್ನಾಗಿ ಒಣಗಿಸಿ, ಧೂಳು ತೆಗೆದು ಅಂಟಿಸಲಿ.

ನಿಜವಾದ ತಲೆನೋವು ಉಳಿದೆರಡು. ಬಿಳಿ ಪುಡಿ ಅಂದರೆ ಹಳೇ ಮೈ ಮೇಲಿನ ಸಿಮೆಂಟ್ ಕೆನೆ (ತೆಳ್ಳಗಿನ ದುರ್ಬಲ ಪದರ) ಹೋಗಿಲ್ಲ, ಇಲ್ಲವೇ ಚಿಪ್ಪಿಂಗ್ ಧೂಳು ಉಳಿದಿದೆ.

ಸೈಟ್_ಮೇಸ್ತ್ರಿ: ಆ ಚಕ್ಕೆ ಬ್ರೇಕರ್ ಕೆಲಸ ಅನ್ಸುತ್ತೆ. ಭಾರೀ ಬ್ರೇಕರ್ ಹೊಡೆದರೆ ಉಳಿದ ಮೈಯೊಳಗೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತೆ. ಅದರ ಮೇಲೆ ಎಷ್ಟೇ ಒಳ್ಳೆ ಕಾಂಕ್ರೀಟ್ ಸುರಿದರೂ ಕೆಳಗಿನ ಚಕ್ಕೆ ಎದ್ದು ಬರುತ್ತೆ. ಹೆಚ್ಚು ಒತ್ತಡದ ನೀರಿನಲ್ಲಿ ಕೆರೆದರೆ ಈ ಪೆಟ್ಟು ಬೀಳಲ್ಲ. ಖರ್ಚು ಜಾಸ್ತಿ, ಅದೂ ನಿಜ.

ಗೋದಾಮು_ನೆಲ: ಹಾಗಾದರೆ ಈಗ?

ಕೋರ್_ಕಟ್ಟರ್: ಇಷ್ಟಕ್ಕೇ ಕೀಳಿಸಬೇಡಿ. ನೆಲ ಪೂರ್ತಿ ಸುತ್ತಿಗೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ. ಅಲ್ಲಿ ಒಂದೆರಡು ಪೂರ್ತಿ ಕೋರ್ (ಕೊರೆದು ತೆಗೆಯುವ ದುಂಡು ತುಂಡು) ತೆಗೆಸಿ ಜಾಯಿಂಟ್ ಕಣ್ಣಾರೆ ನೋಡಿ. ಆದರೆ ಸದ್ದು ಗಟ್ಟಿ ಬಂದ ಮಾತ್ರಕ್ಕೆ ಪಾಸ್ ಅಲ್ಲ. ಇನ್ನೂ ಬಿಟ್ಟುಕೊಳ್ಳದ ದುರ್ಬಲ ಜಾಯಿಂಟ್ ಕೂಡ ಗಟ್ಟಿ ಸದ್ದೇ ಕೊಡುತ್ತೆ. ಅಂಥ ಜಾಗಗಳಲ್ಲೂ ಆಳಕ್ಕೆ ಕೊರೆಸಿ ಪುಲ್-ಆಫ್ ಮಾಡಿಸಿ. ಕೀಳುವುದು ಎಲ್ಲಿಂದ ಎಲ್ಲಿಯವರೆಗೆ ಅನ್ನೋದು ಆ ನಕ್ಷೆ ಕೈಗೆ ಬಂದ ಮೇಲೆ. ಕಿತ್ತ ಕಡೆ ಮತ್ತೆ ಹಾಕುವ ಮುಂಚೆ, ಕೆರೆದ ಹಳೇ ಮೈ ಮೇಲೇ ಡಿಸ್ಕ್ ಅಂಟಿಸಿ ಒಂದು ಸಲ ಎಳೆಸಿ.